ಹುಳ ಹಿಡಿದ ಮರ

ಮಳೆಗಾಲ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಎರಡು ದಿನ ಸುರಿದು ನಾಲ್ಕು ದಿನ ಬಿಸಿಲು ಕಾಯುವ ಜೂನ್ ತಿಂಗಳ ಮೊದಲ ವಾರ. ಆರನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಶಾಲೆಯ ಹಿಂದಿನ ಸಾಗುವಾನಿ ತೋಪಿಗೆ ಹೋಗಿದ್ದೆ. ಎಲೆಯ ಬಗ್ಗೆ ಪಾಠ ಮಾಡುವುದಿತ್ತು; ಎಲೆಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ಮರದಲ್ಲಿ ತೋರಿಸುವುದು ಸುಲಭ. ತೋಪಿನ ನಡುವೆ ಬಂದಾಗ ಒಬ್ಬಳು ಹುಡುಗಿ "ಟೀಚರ್, ಮಳೆ ಬಂತು" ಎಂದು ಕೊಡೆ ಬಿಡಿಸಿದಳು. ಹೌದು, ಸಣ್ಣಗೆ ಚಿಟಿಚಿಟಿ ಎಂಬ ಸದ್ದು ಕೇಳುತ್ತಿತ್ತು. ಆದರೆ ಯಾರ ತಲೆಯೂ ಒದ್ದೆಯಾಗಲಿಲ್ಲ. ಕೊಡೆಯ ಮೇಲೆ ನೋಡಿದರೆ ಗಸಗಸೆಯಂಥ ಕಪ್ಪು ಕಾಳುಗಳು. ತಲೆಯೆತ್ತಿದೆವು. ಒಂದು ವಾರದ ಹಿಂದೆ ಹಸುರು ಮುಚ್ಚಿಗೆಯಂತಿದ್ದ ತೋಪಿನಲ್ಲಿ ಆಕಾಶ ಕಾಣುತ್ತಿತ್ತು. ಎಲೆಗಳಲ್ಲಿ ಉಳಿದಿದ್ದದ್ದು ನರಗಳು ಮಾತ್ರ. ಸಾವಿರಾರು ಹುಳಗಳು ಒಟ್ಟಿಗೆ ಮೇಯುತ್ತಿದ್ದವು; ಮಳೆಯ ಸದ್ದೆಂದು ನಾವು ತಿಳಿದದ್ದು ಅವುಗಳ ಹಿಕ್ಕೆ ಒಣ ತರಗೆಲೆಗಳ ಮೇಲೆ ಉದುರುವ ಸದ್ದು.

ಹುಡುಗಿಯರು ಕಿರಿಚಿದರು, ಹುಡುಗರಿಗೆ ಖುಷಿಯಾಯಿತು. ಎಲೆಯ ಪಾಠ ಅಲ್ಲಿಗೆ ಮುಗಿಯಿತು. ಹಿಂತಿರುಗುವಾಗ ಕೊಡೆ ಬಿಡಿಸಿದ ಹುಡುಗಿಯೇ ಕೇಳಿದಳು: "ಮರ ಏನೂ ತಪ್ಪು ಮಾಡಲಿಲ್ಲ ಅಲ್ವಾ ಟೀಚರ್? ಹುಳ ತಪ್ಪು ಮಾಡಿದ್ದು. ಹುಳಕ್ಕೆ ಶಿಕ್ಷೆ ಯಾರು ಕೊಡುವುದು?"

ಮೂವತ್ತು ವರ್ಷ ಪಾಠ ಮಾಡಿದವಳಿಗೆ ಇಂಥ ಪ್ರಶ್ನೆಗಳಿಗೆ ಕೂಡಲೇ ಉತ್ತರ ಕೊಡುವ ಅಭ್ಯಾಸವಾಗಿರುತ್ತದೆ. "ಹುಳಕ್ಕೂ ಹೊಟ್ಟೆ ಉಂಟಲ್ಲ" ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ ಎಂಬುದು ಮುಖದಲ್ಲೇ ಗೊತ್ತಾಯಿತು. ನನಗೂ ಆಗಲಿಲ್ಲ, ಅದಕ್ಕೆ ನನ್ನದೇ ಬೇರೆ ಕಾರಣವಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸಾಗುವಾನಿಯ ಹುಳದ ಮಾತು. ಇದು ಒಂದು ಸಣ್ಣ ಪತಂಗದ ಮರಿಹುಳ. ಬೇಸಿಗೆಯ ಕೊನೆಗೆ ಒಂದೆರಡು ಮಳೆ ಬಿದ್ದು ತೇಗ ಚಿಗುರುವ ಹೊತ್ತಿಗೆ ಎಲ್ಲಿಂದಲೋ ಪತಂಗಗಳ ದಂಡು ಬರುತ್ತದೆ, ಎಳೆಯ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಎರಡು ವಾರದಲ್ಲಿ ಹುಳ ಬೆಳೆದು, ನೂಲು ಬಿಟ್ಟು ನೆಲಕ್ಕಿಳಿದು, ಕೋಶವಾಗಿ, ಮತ್ತೆ ಪತಂಗವಾಗಿ ಹಾರಿಹೋಗುತ್ತದೆ. ಮರ ಸಾಯುವುದಿಲ್ಲ. ಮಳೆ ಹಿಡಿದ ಮೇಲೆ ಪುನಃ ಚಿಗುರುತ್ತದೆ; ಆಟಿಯಲ್ಲಿ ಬಂದು ನೋಡಿದವರಿಗೆ ಇಲ್ಲಿ ಇಂಥದ್ದೊಂದು ನಡೆದಿತ್ತು ಎಂಬುದೇ ತಿಳಿಯದು. ಹಾಗಾದರೆ ಇದನ್ನು ಪೀಡೆ ಎನ್ನುವುದೇಕೆ? ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯವರು ನೀಲಂಬೂರಿನ ತೇಗದ ತೋಪುಗಳಲ್ಲಿ ವರ್ಷಗಟ್ಟಲೆ ಅಳೆದು ನೋಡಿದರು. ಎಳೆಯ ತೋಪುಗಳಲ್ಲಿ ಬೆಳೆಯಬಹುದಾಗಿದ್ದ ಮರದ ಗಾತ್ರದಲ್ಲಿ ನೂರಕ್ಕೆ 44ರಷ್ಟು ಈ ಹುಳದಿಂದ ನಷ್ಟವಾಗುತ್ತದೆ ಎಂದು ಲೆಕ್ಕ ಸಿಕ್ಕಿತು. ಎಲೆ ಹೋದ ಮರ ಆ ಹೊತ್ತಿನಲ್ಲಿ ದಪ್ಪವಾಗುವುದನ್ನು ಬಿಟ್ಟು ಎಲೆ ಮಾಡುವುದರಲ್ಲಿ ತೊಡಗುತ್ತದೆ. ಮರದ ಲೆಕ್ಕದಲ್ಲಿ ಅದು ಒಂದು ಮಳೆಗಾಲದ ಕಷ್ಟ. ದಿಮ್ಮಿಯ ಲೆಕ್ಕದಲ್ಲಿ ಅರ್ಧದ ಹತ್ತಿರ ನಷ್ಟ. ಪೀಡೆ ಎಂಬ ಮಾತು ದಿಮ್ಮಿಯ ಲೆಕ್ಕದವರಿಂದ ಬಂದದ್ದು. ನಾನು ಅವರನ್ನು ಹಾಸ್ಯ ಮಾಡುತ್ತಿಲ್ಲ. ನಮ್ಮ ಮನೆಯ ಬಾಗಿಲುಗಳು ಸಾಗುವಾನಿಯವೇ.

ಈಗ ನನ್ನ ಮಾತು. 2012ರಲ್ಲಿ ನಾನು ಅಜೆಕಾರಿನಿಂದ ಸ್ವಲ್ಪ ಆಚೆಯ ಒಂದು ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಶಾಲೆಯಂಗಳದ ಬದಿಗೆ ಒಂದು ಕಾಟುಮಾವಿನ ಮರವಿತ್ತು. ಯಾರೂ ನೆಟ್ಟದ್ದಲ್ಲ; ಗುಡ್ಡ ಕಾಡಾಗಿದ್ದ ಕಾಲದ್ದು, ಶಾಲೆ ಕಟ್ಟುವಾಗ ಬಿಟ್ಟದ್ದು. ಇಬ್ಬರು ಕೈ ಹಿಡಿದು ತಬ್ಬಿದರೂ ಬೆರಳು ತಾಗುತ್ತಿರಲಿಲ್ಲ. ಫೆಬ್ರವರಿಯಲ್ಲಿ ಮಿಡಿ, ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣು. ಕೋಳಿಮೊಟ್ಟೆಗಿಂತ ದೊಡ್ಡದಿಲ್ಲದ, ನಾರೇ ಹೆಚ್ಚಿರುವ, ಆದರೆ ಸೀಪಿದವನು ಬಿಡದ ಹಣ್ಣು. ನಮ್ಮ ಬಿಸಿಯೂಟದ ಅಕ್ಕ ಅದನ್ನು ಹೆಕ್ಕಿ ಮನೆಗೊಯ್ದು ಸಾಸಿವೆ ಮಾಡಿ ನನಗೂ ಒಂದು ಡಬ್ಬಿ ಕಳುಹಿಸುತ್ತಿದ್ದರು.

ಶಾಲೆಗೆ ನೂರು ವರ್ಷ ತುಂಬುವುದಿತ್ತು. ಊರಿನಿಂದ ಮುಂಬೈಗೆ ಹೋಗಿ ಹೋಟೆಲ್ ಮಾಡಿ ಮೇಲೆ ಬಂದ ಹಳೆ ವಿದ್ಯಾರ್ಥಿಯೊಬ್ಬರು ರಂಗಮಂದಿರ ಕಟ್ಟಿಸಿಕೊಡುವುದಾಗಿ ಹೇಳಿದ್ದರು. ಒಳ್ಳೆಯ ಮನುಷ್ಯ, ಮಕ್ಕಳ ಕುಣಿತವೆಂದರೆ ಪ್ರಾಣ. ಅಂಗಳಕ್ಕೆ ಮುಖ ಮಾಡಿ ರಂಗಮಂದಿರ ಕಟ್ಟಬೇಕಾದರೆ ಇದ್ದದ್ದು ಮಾವಿನ ಮರದ ಜಾಗವೊಂದೇ. ಸಮಿತಿಯ ಸಭೆಯಲ್ಲಿ ಎಲ್ಲರೂ ಮರವನ್ನು ನೋಡಿದರು, ಯಾರೂ ಏನೂ ಹೇಳಲಿಲ್ಲ. ಹೇಳಲು ಯಾರಿಗೂ ಮನಸ್ಸಿರಲಿಲ್ಲ.

ಅದೇ ಹೊತ್ತಿಗೆ ಹುಳ ಕಾಣಿಸಿತು. ಬುಡದಿಂದ ಆಳೆತ್ತರದಲ್ಲಿ ಕಾಂಡದ ಒಂದು ಬದಿಗೆ ಪೆನ್ಸಿಲು ತೂರುವಷ್ಟು ದೊಡ್ಡ ಐದಾರು ತೂತುಗಳು, ಅದರಿಂದ ಗರಗಸ ಹಾಕಿದ ಹಾಗೆ ಮರದ ಹುಡಿ, ನಡುವೆ ಕಪ್ಪು ಅಂಟು. ಮೇಲೆ ಒಂದು ಗೆಲ್ಲು ಒಣಗುತ್ತಿತ್ತು. ಮರದ ಕೆಲಸ ಬಲ್ಲ ಊರಿನ ಅಜ್ಜರೊಬ್ಬರನ್ನು ಕರೆಸಿದೆವು. ಅವರು ಸೈಕಲಿನ ಕಡ್ಡಿಯ ತುದಿಯನ್ನು ಕೊಕ್ಕೆ ಮಾಡಿ ತೂತಿನೊಳಗೆ ಹಾಕಿ ಮೆಲ್ಲಗೆ ಎಳೆದರು. ಬೆರಳುದ್ದದ ಹುಳ ಬಂತು. ಕೆನೆ ಬಣ್ಣ, ಕಾಲೇ ಇಲ್ಲದ ಮೈ, ಕಂದು ತಲೆ. ಅದನ್ನು ಒಂದು ಎಲೆಯ ಮೇಲಿಟ್ಟು ನನ್ನನ್ನು ನೋಡಿದರು.

"ಇದು ತಿಂದದ್ದು ಒಂದು ಬದಿ ಮಾತ್ರ ಟೀಚರೇ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಮಣ್ಣು ಮೆತ್ತುವ. ಆ ಒಣಗಿದ ಗೆಲ್ಲು ತೆಗೆಯುವ. ಮರಕ್ಕೆ ಏನೂ ಆಗುವುದಿಲ್ಲ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉಂಟು."

"ನೋಡುವ ಅಜ್ಜ" ಎಂದೆ. ಅವರಿಗೆ ಚಹಾ ಕೊಡಿಸಿ ಕಳುಹಿಸಿದೆ.

ಮರ ಕಡಿಯಲು ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಕೊಡಬಹುದಾದ ಕಾರಣಗಳನ್ನು ಹೇಳಿದೆ: ಸತ್ತ ಮರ, ರೋಗ ಬಂದ ಮರ, ಗಾಳಿಗೆ ಬಿದ್ದ ಮರ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರ. ನಾನು ಅರ್ಜಿ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. "ಸದ್ರಿ ಮರಕ್ಕೆ ಕಾಂಡ ಕೊರೆಯುವ ಹುಳ ತಗಲಿ ಒಂದು ಗೆಲ್ಲು ಒಣಗಿದ್ದು, ಮರದ ಕೆಳಗೆ ಮಕ್ಕಳು ಆಡುವುದರಿಂದ ಅಪಾಯದ ಸಂಭವವಿರುತ್ತದೆ." ಒಂದೊಂದು ಶಬ್ದವೂ ನಿಜ. ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬ ಮಾತನ್ನು ಮೆಲ್ಲಗೆ ಹೇಳಿದನಂತೆ. ನಾನು ರಂಗಮಂದಿರ ಎಂಬ ಮಾತನ್ನು ಮೆಲ್ಲಗೂ ಹೇಳಲಿಲ್ಲ.

ಬೇಸಿಗೆ ರಜೆಯಲ್ಲಿ ಮರ ಬಿತ್ತು. ನಾನು ಎದುರಿಗಿದ್ದೆ. ಅಡ್ಡ ಕೊಯ್ದ ಕಾಂಡದಲ್ಲಿ ಹುಳದ ದಾರಿ ಸಿಪ್ಪೆಯ ಕೆಳಗಿನಿಂದ ಎರಡು ಗೇಣು ಒಳಗೆ ಹೋಗಿ ನಿಂತಿತ್ತು. ಉಳಿದದ್ದು ಹಾಗೆಯೇ, ಗಟ್ಟಿ. ಮರ ಕೊಯ್ಯುವವನು ಅಂಗೈಯಿಂದ ಬಡಿದು "ಒಳ್ಳೆ ಮರ ಟೀಚರೇ" ಎಂದ, ನನಗೆ ಸಂತೋಷವಾಗಲಿ ಎಂದು.

ಅಂದಿನಿಂದ ನನಗೆ ಒಂದು ಚಟ ಹತ್ತಿದೆ. ಮರಕ್ಕೆ ರೋಗ, ಕಾಡಿಗೆ ಹುಳ ಎಂಬ ಸುದ್ದಿ ಕಂಡರೆ ಪೂರ್ತಿ ಓದುತ್ತೇನೆ. ಹುಳದ ಬಗ್ಗೆ ಏನು ಬರೆದಿದ್ದಾರೆ ಎಂದು ನೋಡುವುದಕ್ಕಿಂತ, ಅದರ ಹಿಂದೆ ಬರೆಯದೆ ಬಿಟ್ಟದ್ದು ಏನಿರಬಹುದು ಎಂದು ಹುಡುಕುತ್ತೇನೆ. ಕಳ್ಳನ ಹೆಂಡತಿ ಪೇಪರಿನಲ್ಲಿ ಕಳವಿನ ಸುದ್ದಿ ಓದಿದ ಹಾಗೆ ಎಂದು ನಮ್ಮವರು ನಗುತ್ತಾರೆ.

ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ 1996ರಿಂದ ಮೂರು ವರ್ಷ ನಾವು ಕುಶಾಲನಗರದಲ್ಲಿದ್ದೆವು. ಬಾಡಿಗೆ ಮನೆಯ ಹಿತ್ತಿಲಲ್ಲಿ ಒಂದು ಗಂಧದ ಮರವಿತ್ತು, ಕೈತೋಳಿನಷ್ಟು ದಪ್ಪ. ಒಂದು ವರ್ಷ ಅದರ ಎಲೆಗಳು ಚಿಕ್ಕದಾಗುತ್ತ ಬಂದವು. ಗಂಧದ ಎಲೆ ಸಹಜವಾಗಿ ಜೋತು ನಿಲ್ಲುತ್ತದೆ. ಇವು ಗೆಲ್ಲಿನ ಸುತ್ತ ಒತ್ತೊತ್ತಾಗಿ, ಬಿರುಸಾಗಿ, ಮೊಳೆ ಹೊಡೆದ ಹಾಗೆ ನಿಂತವು. ಹೂವಿಲ್ಲ, ಕಾಯಿಯಿಲ್ಲ. ಮನೆಯ ಯಜಮಾನತಿ ನೋಡಿ "ಸ್ಪೈಕ್ ಬಂತು, ಇನ್ನು ಇದು ಉಳಿಯೋದಿಲ್ಲ" ಎಂದರು. ಆ ಕಾಲದಲ್ಲಿ ಹಿತ್ತಿಲಲ್ಲಿ ಬೆಳೆದ ಗಂಧವೂ ಹಿತ್ತಿಲಿನವರದ್ದಲ್ಲ, ಸರಕಾರದ್ದು. 2001ರ ತಿದ್ದುಪಡಿಯ ಮೇಲಷ್ಟೇ ಅದು ಬೆಳೆಸಿದವರ ಸ್ವತ್ತಾಯಿತು. ಹಾಗಾಗಿ ಆಕೆ ವ್ಯಥೆಪಟ್ಟದ್ದು ಹಣಕ್ಕಲ್ಲ, ಮರಕ್ಕೇ ಎಂದು ನನಗೆ ಈಗ ಅನಿಸುತ್ತದೆ.

ನಾನು ಬಾಡಿಗೆಗಿದ್ದ ಊರೇ ಆ ರೋಗದ ಚರಿತ್ರೆಯ ಮೊದಲ ಪುಟ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಕುಶಾಲನಗರಕ್ಕೆ ಆಗ ಫ್ರೇಜರ್‌ಪೇಟೆ ಎಂದು ಹೆಸರು. 1899ರಲ್ಲಿ ಅಲ್ಲಿನ ಕಾಡಿನಲ್ಲಿ ಮೆಕಾರ್ಥಿ ಎಂಬ ಅಧಿಕಾರಿ ಈ ರೋಗವನ್ನು ಮೊದಲು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಅದು ಮೈಸೂರು ಸೀಮೆಗೆ ಹಬ್ಬಿತು. ಗಂಧವೆಂದರೆ ಮೈಸೂರಿನ ಬೊಕ್ಕಸ. 1907ರಲ್ಲಿ ಮಹಾರಾಜರು ಮದ್ದು ಕಂಡುಹಿಡಿದವರಿಗೆ ಹತ್ತು ಸಾವಿರ ರೂಪಾಯಿ ಬಹುಮಾನ ಸಾರಿದರು. ಅಂದಿನ ಹತ್ತು ಸಾವಿರ! ಕಾಡಿನ ಬೆಂಕಿಯ ಮೇಲೆ ಸಂಶಯಪಟ್ಟರು, ಮೂಲೆಮೂಲೆಗೂ ಹಬ್ಬಿದ ಲಂಟಾನದ ಮೇಲೆ ಸಂಶಯಪಟ್ಟರು. ಗಂಧವು ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಹೊಂದಿಸಿ ಅದರಿಂದ ಆಹಾರ ಹೀರುವ ಮರ. ಆದ್ದರಿಂದ ನೆರೆಯ ಗಿಡಗಳ ಮೇಲೂ ಸಂಶಯ. ಈ ನಡುವೆ ರೋಗ ಕಂಡ ಮರಗಳನ್ನು ಕಿತ್ತು ತೆಗೆಯುವ ಕೆಲಸ ನಡೆಯುತ್ತಲೇ ಇತ್ತು. 1903ರಿಂದ 1916ರ ವರೆಗೆ ಕೊಡಗು, ಮೈಸೂರುಗಳಲ್ಲಿ ಹೀಗೆ ಹೋದ ಗಂಧದ ಮರಗಳು ಸುಮಾರು ಹತ್ತು ಲಕ್ಷ.

ರೋಗ ನಿಲ್ಲಲಿಲ್ಲ. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ದ್ರಾವಣ ಹೊಡೆಯುವುದನ್ನು ನಮ್ಮ ಕಡೆಯ ತೋಟದವರಿಗೆ ಕಲಿಸಿದವರಲ್ಲಿ ಅವರು ಮುಖ್ಯರು. ಇಂದಿಗೂ ಮಳೆಗಾಲದಲ್ಲಿ ನಾವು ಹೊಡೆಯುವ ಮದ್ದು ಅದೇ. ಅದೇ ಕೋಲ್ಮನ್ 1917ರಲ್ಲಿ ರೋಗದ ಗಂಧದ ಕಡ್ಡಿಯನ್ನು ಒಳ್ಳೆಯ ಗಿಡಕ್ಕೆ ಕಸಿ ಕಟ್ಟಿ, ಇದು ಒಂದರಿಂದ ಒಂದಕ್ಕೆ ಹರಡುವ ರೋಗ ಎಂದು ತೋರಿಸಿದರು. ಕಾರಣ ಮಾತ್ರ ಅವರ ಕಣ್ಣಿಗೂ ಬೀಳಲಿಲ್ಲ. 1967ರಲ್ಲಿ ಜಪಾನಿನವರು ಹಿಪ್ಪುನೇರಳೆ ಗಿಡದಲ್ಲಿ, ಬ್ಯಾಕ್ಟೀರಿಯಾಕ್ಕಿಂತಲೂ ಚಿಕ್ಕದಾದ, ಸುತ್ತ ಗೋಡೆಯೇ ಇಲ್ಲದ ಒಂದು ಜೀವಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಎರಡು ವರ್ಷದಲ್ಲಿ, 1969ರಲ್ಲಿ, ಗಂಧದಲ್ಲೂ ಅಂಥದ್ದೇ ಸಿಕ್ಕಿತು. ಈಗ ಅದಕ್ಕೆ ಫೈಟೊಪ್ಲಾಸ್ಮಾ ಎನ್ನುತ್ತಾರೆ. ರಸ ಹೀರುವ ಜಿಗಿಹುಳುಗಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಇದಕ್ಕಿಂತ ಮುಖ್ಯವಾದದ್ದು, ಹೊರಗೆ ಏನೂ ತೋರದ, ಹಸುರಾಗಿಯೇ ಇರುವ ಮರದೊಳಗೂ ಅದು ಇರಬಲ್ಲದು.

ಎಂದರೆ ಮೊಳೆಯಂಥ ಎಲೆ ನೋಡಿ ನೋಡಿ ಕಿತ್ತವರು, ಪಕ್ಕದ ಹಸುರು ಮರವನ್ನು ಬಿಟ್ಟರು. ಅವರನ್ನು ತಪ್ಪುಗಾರರೆಂದು ಹೇಳಲು ನನ್ನಿಂದ ಸಾಧ್ಯವಿಲ್ಲ. ಮನೆಗೆ ಬೆಂಕಿ ಬಿದ್ದಾಗ ಕಣ್ಣಿಗೆ ಕಂಡ ಕಡೆಗೆ ನೀರು ಹಾಕುವುದೇ ಸರಿ. ಅವರಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ: ಅವರಿಗೆ ಗೊತ್ತಿರಲಿಲ್ಲ, ನನಗೆ ಅಜ್ಜ ಹೇಳಿದ್ದರು.

ನಾವು ಕುಶಾಲನಗರದಲ್ಲಿದ್ದ ಕಾಲಕ್ಕೇ, 1996ರಿಂದ 1998ರ ವರೆಗೆ, ಮಧ್ಯಪ್ರದೇಶದ ಮಂಡ್ಲಾ ಕಡೆಯ ಸಾಲ ವೃಕ್ಷದ ಕಾಡುಗಳಿಗೆ ಕಾಂಡ ಕೊರೆಯುವ ದುಂಬಿ ಬಿತ್ತು. ನಮ್ಮ ಮಾವಿನ ಹುಳದ ಬಳಗದ್ದೇ, ಉದ್ದ ಮೀಸೆಯ ಜಾತಿ. ಸಾಧಾರಣ ವರ್ಷಗಳಲ್ಲಿ ಈ ದುಂಬಿಯನ್ನು ಯಾರೂ ಕೇಳುವವರಿಲ್ಲ. ಬಿದ್ದ ಮರ, ಸಾಯುತ್ತಿರುವ ಮರ ಅದಕ್ಕೆ ಸಾಕು. ಕಾಡಿನ ಜಾಡಮಾಲಿ ಎನ್ನಬಹುದು. ಮಳೆ ವಿಪರೀತವಾಗಿ ಅದರ ಸಂತಾನ ಮಿತಿ ಮೀರಿದಾಗ ಮಾತ್ರ ನಿಂತ ಮರಕ್ಕೆ ಕೈ ಹಾಕುತ್ತದೆ. ಆಗ ಕಾಡಿನ ಜನರಿಗೆ ದುಂಬಿ ಹಿಡಿಯುವ ಕೆಲಸ ಸಿಕ್ಕಿತು. ಹಸಿ ಸಾಲದ ದಿಮ್ಮಿಯ ತುದಿ ಜಜ್ಜಿ ಇಟ್ಟರೆ ರಸದ ವಾಸನೆಗೆ ದುಂಬಿಗಳು ಕೂಡುತ್ತವೆ, ಕುಡಿದು ಮಂಕಾಗುತ್ತವೆ. ಹೆಕ್ಕಿ, ತಲೆ ಕಿತ್ತು, ತಲೆಗಳನ್ನು ಎಣಿಸಿ ಹಣ. ಜೊತೆಗೆ ಹುಳ ಹಿಡಿದ ಮರಗಳನ್ನು ಲಕ್ಷಗಟ್ಟಲೆ ಕಡಿಯುವುದಕ್ಕೆ ಗುರುತು ಹಾಕಲಾಯಿತು. ಕಡಿಯಬೇಕಾದದ್ದೇ, ಒಳಗಿನ ಹುಳ ಮುಂದಿನ ಮಳೆಗೆ ರೆಕ್ಕೆ ಕಟ್ಟಿಕೊಂಡು ಹೊರಡುವ ಮೊದಲು ಮರವನ್ನು ಹೊರಗೆ ಸಾಗಿಸಬೇಕು ಎಂಬುದು ಶಾಸ್ತ್ರ. ಆದರೆ ಬದುಕಬಹುದಾಗಿದ್ದ ಮರಕ್ಕೂ ಗುರುತು ಬೀಳುತ್ತಿದೆ ಎಂಬ ದೂರು ಆಗಲೇ ಎದ್ದಿತ್ತು. ಸಾಲವೆಂದರೆ ಬೆಲೆಯುಳ್ಳ ಮರ. ಒಂದು ಮರದ ಒಳಗೆ ಹುಳ ಎಷ್ಟು ದೂರ ಹೋಗಿದೆ ಎಂಬುದು ಹೊರಗೆ ನಿಂತು ಸುಣ್ಣ ಬಳಿಯುವವನಿಗೆ ಎಷ್ಟು ಗೊತ್ತಾದೀತು? ಗೊತ್ತಾಗದ ಜಾಗದಲ್ಲಿ ನಮ್ಮ ಬೇಕು ಮೆಲ್ಲಗೆ ಬಂದು ಕೂರುತ್ತದೆ.

ಮರವನ್ನು ಬಿಟ್ಟು ಹುಳವನ್ನೇ ಕೊಲ್ಲಬಹುದಲ್ಲ ಎಂದು ನೀವು ಕೇಳಬಹುದು. ಅದೂ ಆಗಿದೆ, ನಮಗೆ ತೀರ ಹತ್ತಿರದಲ್ಲೇ. ಕಾಸರಗೋಡಿನ ಗುಡ್ಡಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನವರ ಗೇರು ತೋಟಗಳಿವೆ. ಗೇರಿನ ಚಿಗುರಿಗೆ ಚಹಾ ಸೊಳ್ಳೆ ಎಂಬ ಕೀಟ ಬಂದು ಹೂ ಕರಟುತ್ತದೆಂದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಎಣ್ಮಕಜೆ, ಪಡ್ರೆಯಂಥ ಕನ್ನಡ, ತುಳು ಮಾತನಾಡುವ ಹಳ್ಳಿಗಳಿದ್ದವು, ಸುರಂಗದ ನೀರು ಕುಡಿಯುವ ಮನೆಗಳಿದ್ದವು. ಅಲ್ಲಿನ ವೈದ್ಯ ಡಾ. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ಮಕ್ಕಳನ್ನು ನೋಡಿ ಇದು ಸಹಜವಲ್ಲ ಎಂದರು. ಶ್ರೀ ಪಡ್ರೆಯವರು ಬರೆದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಕಡೆಗೂ ಅದೇ ಕಥೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಅಂಥ ಒಂದು ಮನೆಗೆ ನಾನು ಹೋಗಿದ್ದೇನೆ. ಇಪ್ಪತ್ತು ದಾಟಿದ ಮಗನಿಗೆ ತಾಯಿ ಗಂಜಿ ಉಣಿಸುತ್ತಿದ್ದರು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ.

ನಮ್ಮ ಶಾಲೆಯಲ್ಲಿ ಜೈನರೊಬ್ಬರು ಗಣಿತದ ಮೇಷ್ಟ್ರಿದ್ದರು, ವರಂಗದ ಕಡೆಯವರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ಹುಳು ಬಿದ್ದೀತೆಂದು. ಮಾವಿನ ಹುಳವನ್ನು ಅಜ್ಜ ಎಲೆಯ ಮೇಲೆ ಇಟ್ಟಾಗ ಅವರು ಅತ್ತ ನೋಡಲಿಲ್ಲ. ನಾನು ಸ್ವಲ್ಪ ಕೆಣಕಿದೆ: "ನಿಮ್ಮ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯುವುದಿಲ್ಲವೋ?" ಅವರು ನಕ್ಕು, "ಹೊಡೆಯುತ್ತೇವೆ ಟೀಚರ್. ಹೊಡೆದದ್ದನ್ನು ಪುಣ್ಯ ಅಂತ ಬರೆದುಕೊಳ್ಳುವುದಿಲ್ಲ" ಎಂದರು. ನನ್ನ ಅರ್ಜಿಯ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ನಿಜ ಹೇಳಬೇಕೆಂದರೆ, ಆ ಮರ ಕಡಿದದ್ದು ತಪ್ಪು ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ರಂಗಮಂದಿರ ಒಳ್ಳೆಯ ಉಪಯೋಗಕ್ಕೆ ಬಂದಿದೆ. ಅದರ ಮೇಲೆ ನಿಂತು ಮೊದಲ ಸಲ ಗಟ್ಟಿಯಾಗಿ ಮಾತನಾಡಿದ ಮಕ್ಕಳನ್ನು ನಾನೇ ಕಂಡಿದ್ದೇನೆ. ಮರ ಬೇಡ, ವೇದಿಕೆ ಬೇಕು ಎಂದು ನೇರವಾಗಿ ಕೇಳಿದ್ದರೆ ಒಂದು ಚರ್ಚೆ ನಡೆಯುತ್ತಿತ್ತು. ಯಾರಾದರೂ ಬೇಡ ಎನ್ನುತ್ತಿದ್ದರು, ಬಿಸಿಯೂಟದ ಅಕ್ಕನಾದರೂ. ಅಜ್ಜನ ಮಾತಿಗೆ ಒಂದು ಬೆಲೆ ಬರುತ್ತಿತ್ತು. ಬಹುಶಃ ಕೊನೆಗೆ ಮರ ಹೋಗಿಯೇ ಹೋಗುತ್ತಿತ್ತು; ಆದರೆ ನಮ್ಮ ಇಷ್ಟದಿಂದ ಹೋಯಿತು ಎಂದು ನಮಗೆಲ್ಲ ಗೊತ್ತಿರುತ್ತಿತ್ತು. ನಾನು ಹುಳವನ್ನು ಮುಂದೆ ನಿಲ್ಲಿಸಿದ್ದರಿಂದ ಯಾರಿಗೂ ಏನೂ ನಿರ್ಧರಿಸುವ ಕಷ್ಟ ಬೀಳಲಿಲ್ಲ. ಹುಳಕ್ಕೆ ಶಿಕ್ಷೆ ಯಾರು ಕೊಡುವುದು ಎಂದು ಕೇಳಿದ ಹುಡುಗಿಗೆ ಇದನ್ನು ಹೇಗೆ ಹೇಳಲಿ?

ಮರ ಕಡಿದಾಗ ಗೆಲ್ಲಿನ ಕಡೆಯ ನಾಲ್ಕು ತುಂಡು ಸೌದೆಗೆಂದು ನಮ್ಮ ಮನೆಗೂ ಬಂದಿತ್ತು. ಬೇಡವೆನ್ನಲಿಲ್ಲ. ಬಚ್ಚಲ ಒಲೆಯ ಬದಿಯಲ್ಲಿ ಒಂದು ವರ್ಷ ಹಾಗೆಯೇ ಇತ್ತು. ಮರುವರ್ಷ ಮಳೆ ಶುರುವಾದ ರಾತ್ರಿ, ಬಿಸಿನೀರಿಗೆಂದು ಹೋದಾಗ ಗೋಡೆಯ ಮೇಲೆ ಏನೋ ಸರಿದಾಡಿತು. ದೀಪ ಹಾಕಿದೆ. ಹೆಬ್ಬೆರಳಿನಷ್ಟು ದೊಡ್ಡ ದುಂಬಿ, ಬೂದು ಬಣ್ಣ, ಕುತ್ತಿಗೆಯ ಮೇಲೆ ಎರಡು ಕೆಂಪು ಬೊಟ್ಟು, ಮೈಗಿಂತ ಉದ್ದದ ಮೀಸೆ. ತುಂಡಿನಲ್ಲಿ ಹೊಸ ತೂತು, ಕೆಳಗೆ ಹುಡಿ. ನಾನು ಅರ್ಜಿಯಲ್ಲಿ ಬರೆದವನು ಎದುರಿಗೆ ಬಂದು ಕೂತಿದ್ದ. ಹಿಡಿದರೆ ಕಿರ್ ಕಿರ್ ಎಂದು ಸದ್ದು ಮಾಡಿತು. ಲೋಟ ಕವುಚಿಟ್ಟೆ.

"ಎಂತದು?" ಎಂದು ನಮ್ಮವರು ಒಳಗಿನಿಂದ ಕೇಳಿದರು.

ಅಂಗಳದಲ್ಲಿ ನನ್ನ ಎರಡು ಕಸಿಮಾವಿನ ಗಿಡಗಳು ಕಾಯಿ ಬಿಡಲು ಶುರುವಾಗಿ ಎರಡೇ ವರ್ಷವಾಗಿತ್ತು. ಸ್ವಲ್ಪ ಹೊತ್ತು ಲೋಟದ ಎದುರು ಕೂತಿದ್ದೆ. ಆಮೇಲೆ ಸೀಮೆಎಣ್ಣೆಯ ಬಾಟ್ಲಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.